ಹತ್ತು ಲಕ್ಷದ ಒಂಬತ್ತು

ಸರ್ವೇ ಕ್ಯಾಂಪ್, ಹಿಡಕಲ್
ತಾ. ಹುಕ್ಕೇರಿ
12 ನವೆಂಬರ್ 1961

ಸಾತಪ್ಪಗ,

ಅಕ್ಷರಾ ನೋಡಿದ ಕೂಡಲೇ ಯಾರು ಬರದಾರಂತ ನಿನಗ ಗೊತ್ತಾಗಿರತೈತಿ. ಹರಿಯೂದಕ್ಕಿಂತ ಮೊದಲ ಒಮ್ಮೆ ಓದು. ಆಮ್ಯಾಲ ಬೇಕಂದ್ರ ಹರಿ.

ನಿನ್ನ ಊರು ತಿಳದದ್ದು ಗೋಕಾಕ ಸ್ಟ್ಯಾಂಡಿನ್ಯಾಗ. ಕುಲಗೋಡ ಬಸ್ಸಿನ ಕಂಡಕ್ಟರನ್ನ ಕೇಳಿದೆ, ಸಾತಪ್ಪ ಮಾಸ್ತರ ಅಂತ ಒಬ್ಬರು ಆ ಕಡೆ ಸಾಲ್ಯಾಗ ಅದಾರೇನು ಅಂತ. "ಲೆಕ್ಕದ ಮಾಸ್ತರೇನ್ರಿ? ಟಿಕೀಟ ಹರದ ಕೊಟ್ರ ಅದರ ನಂಬರ ಯಾವುದರಿಂದ ಭಾಗ ಹೋಗತೈತಿ ಅಂತ ನನಗ ಹೇಳತಾರ್ರಿ" ಅಂದ. ನೀನ ಅಂತ ಖಾತ್ರಿ ಆತು.

ನಾ ಇಲ್ಲಿ ಓವರ್ಸಿಯರ್. ಹಿಡಕಲ್‌ದಾಗ ಆಣೆಕಟ್ಟು ಕಟ್ಟೂದೈತಿ, ಮುಳುಗೂ ಹೊಲಾ ಅಳ್ಯಾಕತ್ತೇವಿ. ಮೊನ್ನಿ ಶುಕ್ರವಾರ ಒಂದು ಹೊಲದ ಉದ್ದ 972 ಫೂಟು ಬಂತು, ಅಗಲ 235 ಫೂಟು. ಮೂಲಿಯಿಂದ ಮೂಲಿಗೆ ಎಷ್ಟು ಅಂತ ತಗೀಬೇಕಾಗಿತ್ತು. ಎರಡರ ವರ್ಗಾ ಮಾಡಿ ಕೂಡಿಸಿದೆ. 9,44,784ಕ್ಕ 55,225. ಮೊತ್ತಾ ಬರದು ವರ್ಗಮೂಲಕ್ಕ ಕೈ ಹಚ್ಚಬೇಕು, ಪೆನ್ಸಿಲ್ ನಿಂತ ಬಿಟ್ಟಿತು.

10,00,009.

ಸಾತ್ಯಾ, ನಮ್ಮ ಸಂಖ್ಯಾ. ರಾಜಪ್ಪ ಮಾಸ್ತರ್ರು ಹಲಗಿ ಮ್ಯಾಲ ಬರದಿದ್ದು, ನಾವಿಬ್ಬರೂ ಒಂದು ಮಳಿಗಾಲ ಪೂರ್ತಿ ಒಡ್ಯಾಕ ಹೋಗಿ ಒಡಿಯದ ಬಿಟ್ಟದ್ದು. ಇಲಾಖೆಗೆ ಮೀಟರಿನ ಹೊಸಾ ಟೇಪು ಬಂದಾವ, ಇನ್ನೂ ಕಟ್ಟ ಬಿಚ್ಚಿಲ್ಲ. ಬಿಚ್ಚಿದ್ರ ಈ ಸಂಖ್ಯಾ ನನ್ನ ಕೈಗೆ ಬರತಿರಲಿಲ್ಲ. ಹೊಲದ ನಡುವ ಜ್ವಾಳದಾಗ ನಿಂತು ನಾ ಒಬ್ಬನ ನಕ್ಕೆ. ಜೊತಿಗಿದ್ದವರು ಬಿಸಲು ಹತ್ತಿತೇನ್ರಿ ಸಾಹೇಬರ ಅಂದ್ರು.

ಯಾರಿಗಿ ಹೇಳಲಿ? ಈ ಜಗತ್ತಿನ್ಯಾಗ ಈ ಸಂಖ್ಯಾದ ಹೆಸರು ಕೇಳಿದ್ರ ತಲಿ ಎತ್ತಾವ ಒಬ್ಬನ ಅದಾನ.

ರಾಜಪ್ಪ ಮಾಸ್ತರ ವರ್ಗದಾಗ ನಾವು ಬಾಜೂ ಬಾಜೂ ಕುಂತು ಭಾಗಾಕಾರ ಮಾಡಿದ್ದು ನಿನ್ನೆ ಮೊನ್ನಿ ಆದಂಗ ಅನಸತೈತಿ.

ನಿನ್ನ
ಪರಪ್ಪ

---

ಕುಲಗೋಡ
3 ಡಿಸೆಂಬರ್ 1961

ಪರಪ್ಪನಿಗೆ,

ಪತ್ರ ಹರಿಯಲಿಲ್ಲ. ಮೂರು ವಾರ ಐದನೆಯ ಇಯತ್ತೆಯ ಭೂಗೋಳ ಪುಸ್ತಕದಲ್ಲಿತ್ತು. ಮೂರು ವಾರ ಬೇರೆ ಪಾಠ ಮಾಡಿದೆ.

ನಿನ್ನ ಲೆಕ್ಕ ಸರಿಯಾಗಿದೆ. ನಾಲ್ಕು ಸಲ ಮಾಡಿ ನೋಡಿದೆ.

ನೆನಪು ಸರಿಯಾಗಿಲ್ಲ. ನಾವು ಬಾಜೂ ಬಾಜೂ ಕುಳಿತಿರಲಿಲ್ಲ. ನೀನು ಒಳಗೆ, ಹೊಸ್ತಿಲ ಹತ್ತಿರದ ಮಣೆಯ ಮೇಲೆ ಕುಳಿತಿದ್ದೆ. ನಾನು ಹೊರಗೆ, ಬಾಗಿಲಿಗೆ ಎದುರಾಗಿದ್ದ ಕಟ್ಟೆಯ ಮೇಲೆ. ನಡುವೆ ಹೊಸ್ತಿಲು ಮತ್ತು ನಾಲ್ಕು ಹೆಜ್ಜೆ. ನಿನಗೆ ಅದು ಬಾಜೂ ಎಂದು ಅನಿಸಿದ್ದರೆ ನೀನು ಒಳ್ಳೆಯ ಹುಡುಗನಾಗಿದ್ದೆ ಎಂದು ಅರ್ಥ. ಹಾಗೆ ಇತ್ತು ಎಂದು ಅರ್ಥವಲ್ಲ.

ಉಳಿದದ್ದನ್ನೂ ಹೇಳುತ್ತೇನೆ, ಏಕೆಂದರೆ ನೀನು ಮರೆತವನು, ನಾನು ಮರೆಯದವನು. 1934ರ ಮಳೆಗಾಲ. ಗಿರಣಿ ಬಾಜೂ ಇದ್ದ ಸಾಲಿ. ರಾಜಪ್ಪ ಮಾಸ್ತರರು ಗೋಡೆಗೆ ಬಳಿದ ಕರಿಹಲಗೆಯ ಮೇಲೆ ಹತ್ತು ಲಕ್ಷದ ಒಂಬತ್ತು ಎಂದು ಬರೆದರು. ಇದನ್ನು ಎರಡು ಸಂಖ್ಯೆಗಳ ಗುಣಾಕಾರವಾಗಿ ಒಡೆಯಿರಿ, ಇಲ್ಲವೇ ಒಡೆಯುವುದಿಲ್ಲ ಎಂದು ತೋರಿಸಿರಿ ಎಂದರು. ಸಾವಿರದ ಒಳಗಿನ ಯಾವ ಅವಿಭಾಜ್ಯ ಸಂಖ್ಯೆಯಿಂದಲೂ ಭಾಗ ಹೋಗದಿದ್ದರೆ ಇದು ಒಡೆಯುವುದೇ ಇಲ್ಲ, ಅಂಥವು ಒಟ್ಟು ನೂರಾ ಅರವತ್ತೆಂಟು ಎಂದರು. ಅವನ್ನೆಲ್ಲ ಒಂದು ನೂರಕ್ಕೆ ಒಂದು ಸಾಲಿನಂತೆ ಹಲಗೆಯ ಈ ತುದಿಯಿಂದ ಆ ತುದಿಗೆ ಬರೆದು, ತಿಂಗಳುಗಟ್ಟಲೆ ಅಳಿಸದೆ ಬಿಟ್ಟರು. ಬೇರೆ ಹುಡುಗರು ಎರಡು ದಿನಕ್ಕೆ ಕೈಬಿಟ್ಟರು. ನಾವು ಸಾಲುಗಳನ್ನು ಹಂಚಿಕೊಂಡೆವು. ಇನ್ನೂರು, ನಾಲ್ಕುನೂರು, ಆರುನೂರು, ಎಂಟುನೂರರ ಸಾಲು ನನಗೆ. ಉಳಿದವು ನಿನಗೆ. ಅಪ್ಪ ಗಿರಣಿಯಿಂದ ತರುತ್ತಿದ್ದ, ನೂಲಿನ ಗಂಟು ಕಟ್ಟುವ ಕಾಗದದ ಮೇಲೆ ನಾನು ಮಾಡಿದೆ. ನಿನಗೆ ನೋಟಬುಕ್ಕಿತ್ತು.

ದಸರೆಯ ಮುಂಚೆ ನೀನು ಎದ್ದು ನಿಂತು "ಒಡೀಲಿಲ್ರಿ" ಎಂದೆ. "ಎಲ್ಲಾ ನೋಡಿದ್ರೇನು?" ಎಂದು ಮಾಸ್ತರರು ಕೇಳಿದರು. "ಎಲ್ಲಾ ನೋಡಿದ್ವಿರಿ" ಎಂದೆ. ಅವರು ನಕ್ಕು ಹಲಗೆ ಒರೆಸಿದರು. ಆ ನಗು ಏನೆಂದು ಕೇಳುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಆ ಸಂಜೆ ನಾವು ಗೋಕಾಕದ ಧಬಧಬೆಯ ಮೇಲಿನ ತೂಗುಸೇತುವೆಯ ನಡುವೆ ನಿಂತು ಏನೆಂದೆವು ಎನ್ನುವುದು ನಿನಗೆ ನೆನಪಿದ್ದರೆ ಸರಿ. ಇಲ್ಲದಿದ್ದರೆ ನಾನು ಬರೆಯುವುದಿಲ್ಲ.

ಅವ್ವ ಉದ್ದವ್ವ 1958ರ ಶ್ರಾವಣದಲ್ಲಿ ತೀರಿಕೊಂಡಳು. ನಿನಗೆ ತಿಳಿಸಲಿಲ್ಲ. ವಿಳಾಸ ಇರಲಿಲ್ಲ ಎಂದಲ್ಲ.

ಹತ್ತು ಲಕ್ಷದ ಒಂಬತ್ತು ಎಂದರೆ ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿಸಿದ್ದು. ಅದು ಆಗಲೇ ಗೊತ್ತಿತ್ತು. ಈಗ ನಿನ್ನ ಹೊಲದಿಂದ ಇನ್ನೊಂದು ಜೋಡಿ ಬಂದಿದೆ. ಇದರ ಬಗ್ಗೆ ಎಲ್ಲೋ ಓದಿದ ನೆನಪು. ಬೆಳಗಾವಿಗೆ ಹೋದಾಗ ವಾಚನಾಲಯದಲ್ಲಿ ನೋಡುತ್ತೇನೆ. ಅಲ್ಲಿಯವರೆಗೆ ಬಹಳ ಸಂತೋಷಪಡಬೇಡ.

ಸಾತಪ್ಪ

ಈ ಊರಿಗೆ ಟಪಾಲು ಮಂಗಳವಾರ ಮತ್ತು ಶನಿವಾರ ಬರುತ್ತದೆ.

---

ಹಿಡಕಲ್
28 ಡಿಸೆಂಬರ್ 1961

ಸಾತಪ್ಪಾ,

ಶನಿವಾರಕ್ಕ ಮುಟ್ಟಬೇಕಂತ ಇವತ್ತ ಬರ್ಯಾಕತ್ತೇನಿ.

ಉದ್ದವ್ವ ಅತ್ತಿ ಸುದ್ದಿ ಓದಿ ಊಟ ಸೇರಲಿಲ್ಲ. ಗಿರಣಿ ಚಾಳಿನ ಹಿಂದ ಆಕಿ ನನಗ ಸಜ್ಜಿ ರೊಟ್ಟಿ, ಹಿಂಡಿ ಪಲ್ಯ ಕೊಟ್ಟದ್ದು, ನಮ್ಮವ್ವ ಕಾಶೆವ್ವಗ ಗೊತ್ತಾಗಬಾರದಂತ ಬಾಯಿ ತೊಳಸಿ ಕಳಸಿದ್ದು ನೆನಪೈತಿ. ನನಗ ಎಲ್ಲಾ ಮರತಿಲ್ಲೋ ಮಾರಾಯಾ.

ತೂಗುಸೇತುವಿ ಮ್ಯಾಲ ಅಂದದ್ದೂ ನೆನಪೈತಿ. "ಇದೂ ಒಡ್ಯೂದಿಲ್ಲ, ನಾವೂ ಒಡ್ಯೂದಿಲ್ಲ." ಕೆಳಗ ನೀರು ಅಷ್ಟ ಸಪ್ಪಳಾ ಮಾಡತಿತ್ತು, ಎರಡ ಸಲ ಒದರಿ ಹೇಳಿದ್ವಿ.

ನೀ ಸಿಟ್ಟು ಬಿಟ್ಟಿಲ್ಲಂತ ಪತ್ರದ ಒಂದೊಂದು ಸಾಲಿನ್ಯಾಗ ಗೊತ್ತಾಗತೈತಿ. 1949ರಾಗ ಹುಕ್ಕೇರಿಯೊಳಗ ನಮ್ಮ ಹೊಸ ಮನಿ ಶಾಂತಿ. ನಾನ ಕರದಿದ್ದೆ, ನೀ ಬಂದಿದ್ದಿ. ಮುನ್ನೂರು ಮಂದಿ ಊಟಕ್ಕ. ಆ ಗದ್ದಲದಾಗ ನಿನ್ನ ಎಲಿ ಎಲ್ಲಿ ಹಾಕಿದ್ರು, ಯಾರು ಹಾಕಿದ್ರು, ನನಗ ಕಾಣಲಿಲ್ಲಂತ ಅವತ್ತೂ ಕಾರ್ಡು ಬರದಿದ್ದೆ, ಇವತ್ತೂ ಬರದೀನಿ. ನೀ ಉಣ್ಣಲಾರದ ಎಲಿಗೆ ನೀರು ಬಿಟ್ಟು ಎದ್ದು ಹೋದದ್ದು ಆಮ್ಯಾಲ ತಿಳೀತು. ಹನ್ನೆರಡು ವರ್ಷ ಸಾಕಾಗೂದಿಲ್ಲೇನು?

ಇಲ್ಲಿ ಕ್ಯಾಂಪಿನ್ಯಾಗ ಎಲ್ಲಾರಿಗೂ ನಮ್ಮ ಸಂಖ್ಯಾದ ಕತಿ ಹೇಳೀನಿ. ಇಬ್ಬರು ಹುಡುಗರು ಇದನ್ನ ಗೆದ್ದಾರ, ಅದರಾಗ ಒಬ್ಬಾಂವ ನಾ ಅಂತ ಹೇಳತೀನಿ. ಇನ್ನೊಬ್ಬಾಂವ ಎಲ್ಲಿ ಅಂತ ಕೇಳತಾರ.

ಪರಪ್ಪ

---

ಕುಲಗೋಡ
21 ಜನವರಿ 1962

ಪರಪ್ಪನಿಗೆ,

ನಿನ್ನ ಪತ್ರ ಬಂದ ವಾರವೇ ಬೆಳಗಾವಿಗೆ ಹೋಗಿ ಬಂದೆ. ಅಲ್ಲಿ ಓದಿದ್ದನ್ನು ಎರಡು ವಾರ ಬರೆಯಲಿಲ್ಲ. ಬರೆಯದೆಯೂ ಬಿಡಬಹುದಿತ್ತು. ನಿನ್ನ ಕ್ಯಾಂಪಿನವರಿಗೆ ಕತೆ ಉಳಿಯುತ್ತಿತ್ತು, ನನಗೂ ಉಳಿಯುತ್ತಿತ್ತು. ಆದರೆ ಸುಳ್ಳು ಕತೆಯೊಳಗೆ ನಾನು ಬಹಳ ವರ್ಷ ಇದ್ದವನು, ಇನ್ನೊಂದು ಬೇಡ.

ಒಂದು ಬೆಸ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬೇರೆ ರೀತಿಯಲ್ಲಿ ಬರೆಯಲು ಬಂದರೆ ಅದು ಒಡೆಯಲೇಬೇಕು. ಇದು ಇನ್ನೂರು ವರ್ಷ ಹಿಂದೆಯೇ ಸಿದ್ಧವಾದ ಮಾತು. ಸಾವಿರ ಮತ್ತು ಮೂರು ಒಂದು ಜೋಡಿ. ನಿನ್ನ ಹೊಲದ 972 ಮತ್ತು 235 ಇನ್ನೊಂದು. ಒಂದೇ ಜೋಡಿ ಇದ್ದಿದ್ದರೆ ಸಂಖ್ಯೆ ಗಟ್ಟಿ ಇರುತ್ತಿತ್ತು.

ಹೇಗೆ ಒಡೆಯುತ್ತದೆ ಎಂಬುದನ್ನೂ ಪುಸ್ತಕ ಹೇಳುತ್ತದೆ. ಸಾವಿರದಲ್ಲಿ 972 ಕಳೆದರೆ 28. 235ರಲ್ಲಿ ಮೂರು ಕಳೆದರೆ 232. ಇವೆರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ 4. ಇನ್ನು ಕಳೆಯುವ ಬದಲು ಕೂಡಿಸು. 1972 ಮತ್ತು 238. ಇವನ್ನು ಭಾಗಿಸುವ ಅತಿ ದೊಡ್ಡದು 34. ನಾಲ್ಕರ ಅರ್ಧ ಎರಡು, ಮೂವತ್ತನಾಲ್ಕರ ಅರ್ಧ ಹದಿನೇಳು. ಎರಡರ ವರ್ಗ 4, ಹದಿನೇಳರ ವರ್ಗ 289. ಕೂಡಿಸು.

293.

ಮುಂದಿನದನ್ನು ನೀನೇ ಭಾಗಿಸಿ ನೋಡು. 293 ಗುಣಿಸು 3413. ಶೇಷ ಸೊನ್ನೆ.

ಹತ್ತು ಲಕ್ಷದ ಒಂಬತ್ತು ಒಡೆಯುತ್ತದೆ, ಪರಪ್ಪ. ಯಾವಾಗಲೂ ಒಡೆಯುತ್ತಿತ್ತು. ನಾವು ಸೇತುವೆಯ ಮೇಲೆ ನಿಂತು ಕೂಗಿದಾಗಲೂ.

ಮತ್ತು 293 ಇನ್ನೂರರ ಸಾಲಿನಲ್ಲಿ ಬರುತ್ತದೆ. ಅದು ನನ್ನ ಸಾಲು.

ನಿನಗೆ ಇದು ಹಳೆಯ ಆಟ. ನನಗೆ ಏನಾಗಿತ್ತು ಎಂದು ಒಮ್ಮೆ ಹೇಳಿಬಿಡುತ್ತೇನೆ. 1941ರಲ್ಲಿ ಮಾಸ್ತರಕಿ ಕಲಿಯಲು ಹೋದಾಗ ನನ್ನೊಬ್ಬನಿಗೆ ಬೇರೆ ನೀರಿನ ಕೊಡ ಇಟ್ಟಿದ್ದರು. ಅದಕ್ಕೆ ಸುಣ್ಣದ ಗುರುತು. ನಾನು ಆ ಕೊಡದಿಂದ ನೀರು ಕುಡಿಯುವಾಗೆಲ್ಲ ಮನಸ್ಸಿನಲ್ಲಿ ಹತ್ತು ಲಕ್ಷದ ಒಂಬತ್ತು ಎನ್ನುತ್ತಿದ್ದೆ. 1947ರ ಆಗಸ್ಟ್ ಹದಿನೈದಕ್ಕೆ ನಾನು ಕಲಿಸುತ್ತಿದ್ದ ಊರಿನಲ್ಲಿ ಪೇಢೆ ಹಂಚಿದರು. ನಮ್ಮ ಕೇರಿಯ ಮಕ್ಕಳ ಕೈಗೆ ಮೇಲಿನಿಂದ ಬಿಟ್ಟರು, ಕೈ ತಾಗದ ಹಾಗೆ. ಎರಡು ಪೇಢೆ ನೆಲಕ್ಕೆ ಬಿದ್ದವು. ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿದವನೂ ನಾನೇ. ಆಗಲೂ ಅದೇ ಸಂಖ್ಯೆ ಹೇಳಿಕೊಂಡೆ. ನಿನ್ನ ಮನೆಯಿಂದ ಹೊರಟು ಬಸ್ಸು ಸಿಗದೆ ನಡೆದು ಬಂದಾಗಲೂ. ಒಡೆಯದ್ದು ಒಂದಾದರೂ ನನ್ನ ಹತ್ತಿರ ಇದೆ ಎಂದುಕೊಳ್ಳುತ್ತಿದ್ದೆ. ಅದರಲ್ಲಿ ನೀನೂ ಇದ್ದೆ. ನಿನ್ನ ಮೇಲೆ ಸಿಟ್ಟಿದ್ದಾಗಲೂ ನೀನಿದ್ದೆ.

ಈಗ ಶಾಲೆಯಲ್ಲಿ ಮಕ್ಕಳಿಗೆ ಭಾಗಾಕಾರ ಹೇಳುವಾಗ ಒಂದೊಂದು ಲೆಕ್ಕವನ್ನೂ ಎರಡು ಸಲ ಮಾಡಿ ನೋಡುತ್ತೇನೆ. ಹದಿನಾರು ಸಂಖ್ಯೆಯ ಒಂದು ಸಾಲು. ನಾನು ಹೇಗೆ ತಪ್ಪಿದೆ?

ಸಾತಪ್ಪ

---

ಹಿಡಕಲ್
4 ಫೆಬ್ರುವರಿ 1962

ಸಾತಪ್ಪಾ,

ಭಾಗಿಸಿ ನೋಡಿದೆ. 293, ಖರೆ. ಶೇಷ ಸೊನ್ನಿ ಬಂದದ್ದು ನೋಡಿ ಮತ್ತ ಮೊದಲಿಂದ ಭಾಗಿಸಿದೆ.

ಹುಚ್ಚಾ, ಎದಕ್ಕ ಒಡದಿ? ನಾ ಏನು ನಿನಗ ಇದನ್ನ ಪರೀಕ್ಷಾ ಮಾಡು ಅಂತ ಕಳಿಸಿದ್ನೇನು? ಹೊಲದಾಗ ಸಿಕ್ಕಿತು, ಖುಷಿ ಆತು, ಬರದೆ. ನೀ ಅದನ್ನ ಎರಡು ತುಂಡು ಮಾಡಿ ಕೈಯಾಗ ಇಟ್ಟಿ.

ಇರಲಿ. ನನ್ನ ಸಾಲು ನೂರಾನಾಕು ಸಂಖ್ಯಾ, ಒಂದೂ ತಪ್ಪಿಲ್ಲ. ಕ್ಯಾಂಪಿನ್ಯಾಗ ಎಲ್ಲಾರೂ ಈಗ ನಿನಗ ನಗ್ಯಾಕತ್ತಾರ. ವರ್ಗದಾಗೆಲ್ಲಾ ನೀನ ಹುಲಿ ಅಂತಿದ್ರು ಮಾಸ್ತರ್ರು. ಆ ಹುಲಿ ಅವತ್ತ ಉದ್ದವ್ವ ಅತ್ತಿ ರೊಟ್ಟಿ ಬುತ್ತಿ ಮ್ಯಾಲ ಲಕ್ಷ್ಯ ಇಟ್ಟಿತ್ತು ಕಾಣತೈತಿ. ಅಷ್ಟು ದೊಡ್ಡ ದೊಡ್ಡ ಅಕ್ಷರದಾಗ ಎದರಿಗೇ ಬರದಿದ್ರು. ಕಣ್ಣ ಮುಂದ ಇದ್ದದ್ದು ಕಾಣಲಿಲ್ಲಂದ್ರ ಏನು ಹೇಳಬೇಕು ನಿನಗ?

ಚಾಷ್ಟಿ ಮಾಡಿದೆ. ಮನಸಿಗಿ ಹಚಗೋಬ್ಯಾಡ. ಹುಡುಗರಾಗಿದ್ವಿ.

ಪರಪ್ಪ

---

ಹಿಡಕಲ್
20 ಮಾರ್ಚ್ 1962
(ಕಾರ್ಡು)

ಸಾತಪ್ಪಾ,

ಉತ್ತರಾ ಬರಲಿಲ್ಲ. ಮಂಗಳವಾರ ಶನಿವಾರ ಲೆಕ್ಕಾ ಹಾಕಿದ್ರ ಹದಿಮೂರು ಟಪಾಲು ಆದುವು. ನಾ ಬರದದ್ದರಾಗ ಏನರೆ ತಪ್ಪಾಗಿದ್ರ ಬೈದಾದರೂ ಬರಿ.

ಪರಪ್ಪ

---

ಕುಲಗೋಡ
14 ಏಪ್ರಿಲ್ 1962

ಪರಪ್ಪನಿಗೆ,

ಇವತ್ತು ಬಾಬಾಸಾಹೇಬರ ಜಯಂತಿ. ಕೇರಿಯಲ್ಲಿ ಎಲ್ಲರೂ ಸೇರಿದ್ದೆವು. ನಾವು 56ರ ನಂತರ ಬುದ್ಧನ ದಾರಿಗೆ ಬಂದವರು, ನಿನಗೆ ಗೊತ್ತಿರಬಹುದು. ಮೆರವಣಿಗೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಬೈಯುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ.

ನಿನ್ನ ಚಾಷ್ಟಿಗೆ ನನಗೆ ಬಂದ ಸಿಟ್ಟಿಗಿಂತ ನಾಚಿಕೆ ಹೆಚ್ಚು. ನೀನು ಅಂದದ್ದನ್ನೇ ನಾನೂ ಎರಡು ತಿಂಗಳು ನನಗೆ ಅಂದುಕೊಂಡೆ. ಕಣ್ಣ ಮುಂದೆ ಇದ್ದದ್ದು ಕಾಣಲಿಲ್ಲ.

ಕಳೆದ ಐತವಾರ ಅವ್ವನ ತಗಡಿನ ಪೆಟ್ಟಿಗೆ ತೆಗೆದೆ. ಅವಳು ಸತ್ತ ಮೇಲೆ ಅದನ್ನು ಮುಟ್ಟಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಅದಕ್ಕೇ ಮಗ ಬರೆದ ಯಾವ ಕಾಗದವನ್ನೂ ಒಗೆಯುತ್ತಿರಲಿಲ್ಲ. ಅಡಿಯಲ್ಲಿ ಗಿರಣಿಯ ಗಂಟಿನ ಕಾಗದ ಇತ್ತು, ನಾಲ್ಕು ಮಡಿಕೆ. ನನ್ನ ನಾಲ್ಕು ಸಾಲು. ಒಂದೊಂದು ಸಂಖ್ಯೆಯ ಕೆಳಗೆ ಭಾಗಾಕಾರ, ಶೇಷಕ್ಕೆ ಸುತ್ತು.

ಇನ್ನೂರರ ಸಾಲು 283ಕ್ಕೆ ನಿಂತಿದೆ. 293 ಇಲ್ಲ. ತಪ್ಪಾಗಿ ಭಾಗಿಸಿಲ್ಲ, ಪರಪ್ಪ. ಬರೆದೇ ಇಲ್ಲ.

ನಾಲ್ಕುನೂರರ ಸಾಲು 491ಕ್ಕೆ ನಿಂತಿದೆ. 499 ಇಲ್ಲ. ಆರುನೂರರದು 683ಕ್ಕೆ. 691 ಇಲ್ಲ. ಎಂಟುನೂರರದು 883ಕ್ಕೆ. 887 ಇಲ್ಲ.

ಒಂದು ಸಂಖ್ಯೆ ಬಿಟ್ಟಿದ್ದರೆ ರೊಟ್ಟಿ ಬುತ್ತಿ ಎನ್ನಬಹುದಿತ್ತು. ನಾಲ್ಕೂ ಸಾಲಿನಲ್ಲಿ ಕೊನೆಯದು ಇಲ್ಲ. ತಪ್ಪು ಹೀಗೆ ಒಂದರ ಕೆಳಗೊಂದು ನೆಟ್ಟಗೆ ನಿಂತರೆ ಅದು ಹುಡುಗನ ತಪ್ಪಲ್ಲ. ಕಾಗದ ಹಿಡಿದು ಕುಳಿತಲ್ಲಿಯೇ ಆ ಬಾಗಿಲು ನನ್ನ ಕಣ್ಣಿಗೆ ಬಂತು. ಬಲಗಡೆಯ ಕದ. ಅದರ ಹಿಂದೆ ಕಪಾಟು ಇತ್ತು, ಅದಕ್ಕೇ ಆ ಕದ ಗೋಡೆಗೆ ಹತ್ತುತ್ತಿರಲಿಲ್ಲ, ಅರ್ಧಕ್ಕೆ ನಿಲ್ಲುತ್ತಿತ್ತು. ಒಳಗೆ ಕುಳಿತವರಿಗೆ ಅದು ಬೆನ್ನ ಹಿಂದೆ. ಕಟ್ಟೆಯ ಮೇಲೆ ಕುಳಿತವನಿಗೆ ಅದು ಹಲಗೆಯ ಬಲತುದಿಯನ್ನು ಮುಚ್ಚುತ್ತಿತ್ತು. ನನಗೆ ಏನೋ ಮುಚ್ಚಿದೆ ಎಂದು ಒಂದು ದಿನವೂ ಅನಿಸಲಿಲ್ಲ. ಹಲಗೆ ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ.

ಮಾಸ್ತರರು ಒಳ್ಳೆಯವರು. ನನಗೆ ಹೊರಗೇ ಆದರೂ ಕಲಿಸಿದರು, ನನ್ನ ಉತ್ತರ ನಿನ್ನ ಬಾಯಿಂದ ಕೇಳಿ ನನ್ನ ಕಡೆ ನೋಡಿ ತಲೆ ಆಡಿಸುತ್ತಿದ್ದರು. ಆದರೆ ಕಪಾಟು ಒಂದು ಗೇಣು ಸರಿಸಲಿಲ್ಲ. ಒಮ್ಮೆ ಹೊರಗೆ ಬಂದು ನನ್ನ ಬಾಜೂ ಕೂತು ಹಲಗೆ ನೋಡಿದ್ದರೆ ಸಾಕಿತ್ತು. ಇಪ್ಪತ್ತೆಂಟು ವರ್ಷಗಳಲ್ಲಿ ನನಗೆ ಒಳ್ಳೆಯವರು ಬಹಳ ಮಂದಿ ಸಿಕ್ಕಿದ್ದಾರೆ. ಅವರಲ್ಲಿ ಹೊರಗೆ ಬಂದು ಕೂತವರು ಇಲ್ಲ.

ಇನ್ನೊಂದು. ಮಾಸ್ತರರು ನೂರಾ ಅರವತ್ತೆಂಟು ಎಂದು ಬಾಯಿಂದಲೇ ಹೇಳಿದ್ದರು. ನಿನ್ನವು 104, ನನ್ನವು 60. ಎರಡೂ ಹಾಳೆ ಒಂದು ಕಡೆ ಇಟ್ಟು ಎಣಿಸಿದ್ದರೆ 164 ಬರುತ್ತಿತ್ತು, ಅವತ್ತೇ ಗೊತ್ತಾಗುತ್ತಿತ್ತು. ಏಕೆ ಇಡಲಿಲ್ಲ? ನಾನು ನನ್ನ ಹಾಳೆ ಹಿಡಿದು ನಿಮ್ಮ ಮನೆಯವರೆಗೆ ಬಂದಿದ್ದೆ. ಕಾಶೆವ್ವ ಚಿಕ್ಕವ್ವ ಅಂಗಳದಲ್ಲೇ ತಡೆದು, ಗಿರಣಿ ಕಾಗದ ಒಳಗೆ ಬೇಡ, ಅಲ್ಲೇ ಬಾಯಿಂದ ಹೇಳಿ ಹೋಗು ಎಂದಳು. ನಾನು "ಯಾವುದೂ ಹೋಗಲಿಲ್ಲ" ಎಂದು ಬಾಯಿಂದ ಹೇಳಿ ಹೋದೆ. ಪಡಸಾಲೆಯಲ್ಲಿ ಬಸವಣ್ಣನ ಪಟ ಇತ್ತು. ಅಂಗಳದಿಂದ ಅದು ಪೂರ್ತಿ ಕಾಣುತ್ತಿತ್ತು.

ಬೆಳಗಾವಿಯ ಪುಸ್ತಕದಲ್ಲಿ ಇನ್ನೊಂದು ಮಾತು ಇತ್ತು, ಆಗ ನಿನಗೆ ಬರೆದಿರಲಿಲ್ಲ. ಇನ್ನೂರು ವರ್ಷದ ಹಿಂದಿನ ಆ ಗಣಿತದ ದೊಡ್ಡ ಮನುಷ್ಯನೂ ಮೊದಲು ಇದೇ ಸಂಖ್ಯೆಯನ್ನು ಒಡೆಯದ್ದು ಎಂದೇ ಪಟ್ಟಿಗೆ ಸೇರಿಸಿದ್ದ. ವರ್ಷಗಳ ಮೇಲೆ ತಾನೇ ತಿದ್ದಿಕೊಂಡ. ಆದರೆ ಆ ಹೊತ್ತಿಗೆ ಅವನ ಕಣ್ಣು ಹೋಗಿದ್ದವು. ನನ್ನ ಕಣ್ಣು ನೆಟ್ಟಗಿದ್ದವು.

ನಿನ್ನಿಂದ ನನಗೆ ಮಾಫಿ ಬೇಡ. ಅದನ್ನು ಕಾರ್ಡಿನಲ್ಲಿ ಬರೆಯುವುದು ಸುಲಭ. ಒಂದು ಕೆಲಸ ಮಾಡು. ಆ ಸಾಲಿ ಇನ್ನೂ ಇದೆ, ಆ ಹಲಗೆ ಗೋಡೆಗೆ ಬಳಿದದ್ದು, ಎಲ್ಲಿಗೂ ಹೋಗಿರುವುದಿಲ್ಲ. ಹೋಗಿ ನನ್ನ ಕಟ್ಟೆಯ ಮೇಲೆ ಒಮ್ಮೆ ಕೂಡು. ನಾನೇ ಹೋಗಬಹುದು, ಹೋದರೆ ನನಗೆ ಗೊತ್ತಿರುವುದೇ ಕಾಣುತ್ತದೆ. ನೀನು ನೋಡಬೇಕು. ನೋಡಿ, ಕಂಡದ್ದನ್ನು ಇದ್ದ ಹಾಗೆ ಬರೆ. ನಾನು ಹೇಳಿದ್ದು ಸುಳ್ಳಾಗಿದ್ದರೆ ಸುಳ್ಳು ಎಂದು ಬರೆ.

ಹೋಗಲಿಲ್ಲ ಎಂದರೆ ಇನ್ನು ಬರೆಯಬೇಡ. ಬರೆದರೆ ನಾನು ಓದುತ್ತೇನೆ, ಅದು ನನಗೆ ಬಹಳ ಕಷ್ಟ.

ಸಾತಪ್ಪ

---

ಹುಕ್ಕೇರಿ
17 ಜೂನ್ 1962

ಸಾತಪ್ಪಾ,

ಎರಡು ತಿಂಗಳು ತಡಾ ಆತು. ಸಾಲಿ ಸೂಟಿ ಇತ್ತು, ಬಾಗಲಾ ಕೀಲಿ. ಸೂಟಿಯೊಳಗ ಒಮ್ಮೆ ಹೋಗಿ ಕೀಲಿ ನೋಡಿ ತಿರುಗಿ ಬಂದೆ. ಕದಾ ತೆರದಿದ್ದಾಗ ನೋಡಿದ್ರ ಮಾತ್ರ ಖರೆ ತಿಳೀತೈತಿ, ಅದಕ್ಕ ಸಾಲಿ ಚಾಲೂ ಆಗೂತನಕಾ ಕಾದೆ. ನಡುವ ಸುಮ್ಮನ ಒಂದು ಕಾರ್ಡು ಹಾಕಬೇಕಂತ ನಾಕು ಸಲ ಕುಂತೆ. ನೀ ಬರೀಬ್ಯಾಡ ಅಂದಿದ್ದಿ.

ಮೊನ್ನಿ ಗುರುವಾರ ಹೋದೆ. ಈಗ ಅಲ್ಲಿ ಪದ್ಮವ್ವ ಅಂತ ಅಕ್ಕೋರು ಅದಾರ. ಹಳೇ ವಿದ್ಯಾರ್ಥಿ, ಸ್ವಲ್ಪ ಅಳತಿ ಮಾಡಿಕೋತೀನ್ರಿ ಅಂದೆ. ಪಿ.ಡಬ್ಲ್ಯು.ಡಿ.ಯವರು ದುರಸ್ತಿಗೆ ಬಂದಾರಂತ ತಿಳದು, "ಮ್ಯಾಲ ಸೋರತೈತ್ರಿ, ಮೊದಲ ಅದನ್ನ ಬರಕೋರಿ" ಅಂದ್ರು. ಬರಕೊಂಡೆ.

ಕದಾ ಇನ್ನೂ ಅರ್ಧಕ್ಕ ನಿಲ್ಲತೈತಿ. ಹಿಂದ ಅದ ಕಪಾಟು. ಈಗ ಹುಡುಗರೆಲ್ಲಾ ಒಳಗ ಕೂಡತಾರ, ಅದನ್ನ ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಕಟ್ಟಿ ಮ್ಯಾಲ ಚಪ್ಪಲಿ ಇದ್ದುವು. ಒಂದೀಟು ಸರಿಸಿ ಕುಂತೆ.

ನಾ ಮೂವತ್ತೊಂಬತ್ತು ವರ್ಷದಾಂವ, ಕುಂತ್ರ ಅವತ್ತಿನ ನಿನಗಿಂತ ಎತ್ತರ. ಅದಕ್ಕ ಬಗ್ಗಿ, ಹನ್ನೊಂದು ವರ್ಷದ ಹುಡುಗನ ಕಣ್ಣು ಎಲ್ಲಿರತೈತಿ ಅಲ್ಲಿಗೆ ತಲಿ ಇಟ್ಟು ನೋಡಿದೆ. ಅಕ್ಕೋರಿಗೆ ಹಲಗಿ ತುದಿಯಿಂದ ತುದಿಗೆ ಇನ್ನೂರರ ಸಾಲು ಬರೀರಿ ಅಂತ ಚೀಟಿ ಕೊಟ್ಟಿದ್ದೆ. ಬರದ್ರು. 211 ಕಂಡಿತು. 223 ಕಂಡಿತು. ಹಿಂಗ ಓದಕೋತ ಹೋದೆ. 283 ಕಂಡಿತು. ಆಮ್ಯಾಲ ಕದಾ.

"ಇನ್ನೂ ಒಂದೈತಲ್ರಿ, ಬರದ್ರೇನು?" ಅಂತ ಒದರಿದೆ. "ಆಗಲೇ ಬರದೀನ್ರಿ" ಅಂದ್ರು ಒಳಗಿಂದ.

ಟೇಪು ಹಿಡದು ಅಳದೆ. ಹಲಗಿ ಆರು ಫೂಟು. ಕಟ್ಟಿ ಮ್ಯಾಲಿಂದ ಕಾಣೂದು ಐದು ಫೂಟು ಐದು ಇಂಚು. ಏಳು ಇಂಚು ಕದದ ಹಿಂದ. ನೀ ಬರದದ್ದು ಸುಳ್ಳಲ್ಲ.

ಆಮ್ಯಾಲ ಹುಕ್ಕೇರಿಗೆ ಬಂದು ನನ್ನ ಹಳೇ ನೋಟಬುಕ್ಕು ಹುಡಕಿದೆ. ಸಿಕ್ಕಿತು. ಅದರಾಗ ಭಾಗಾಕಾರ ಮಾಡೂಕಿಂತ ಮೊದಲ ಹಲಗಿ ಮ್ಯಾಲಿನ ಎಲ್ಲಾ ಸಾಲೂ ನಕಲು ಮಾಡೀನಿ, ನಿನ್ನವೂ ಸೇರಿ. 293 ಅಲ್ಲೈತಿ. ನನ್ನ ಕೈಯಿಂದ ಬರದದ್ದು. ನೀ ಅಂಗಳದಾಗ ನಿಂತು ಬಾಯಿಂದ ಹೇಳೂ ಹೊತ್ತಿನ್ಯಾಗ ಅದು ಪಡಸಾಲ್ಯಾಗ ನನ್ನ ಮಣಿ ಮ್ಯಾಲ ಇತ್ತು. ನಾ ನೋಟಬುಕ್ಕು ಹುಡಕೂ ಮುಂದ ಅವ್ವ ಬಾಜೂ ಕುಂತು ಕೇಳಿದಳು, ಏನು ಹುಡಕಾಕತ್ತೀ ಅಂತ. ಈಗ ಆಕಿಗೆ ಕಿವಿ ಕೇಳೂದಿಲ್ಲ. ಸಾತಪ್ಪನ ಲೆಕ್ಕ ಅಂತ ಜೋರಾಗಿ ಹೇಳಿದೆ. ಎದ್ದು ಒಳಗ ಹೋದಳು.

ಕಂಡದ್ದನ್ನ ಇದ್ದಂಗ ಬರಿ ಅಂದಿ. ಇನ್ನೊಂದು ಬರೀಬೇಕು, ಅದು ಸಾಲ್ಯಾಗ ಕಂಡದ್ದಲ್ಲ.

ಮನಿ ಶಾಂತಿ ದಿವಸ ನಾ ತಲಬಾಗಲದಾಗ ನಿಂತು ಬಂದವರಿಗೆ ಕೈ ಮುಗ್ಯಾಕತ್ತಿದ್ದೆ. ಇವತ್ತ ಅಲ್ಲೇ ನಿಂತು ಟೇಪು ಬಿಟ್ಟು ನೋಡಿದೆ. ನಿನಗ ಎಲಿ ಹಾಕಿದ ಕೊಟ್ಟಿಗಿ ಬಾಗಲಕ್ಕ ಇಪ್ಪತ್ತೆರಡು ಫೂಟು. ನೀ ಧೋತರದ ತುದಿ ಮಡಚಿ ಕುಂತದ್ದು, ನಮ್ಮ ಆಳು ಮ್ಯಾಲಿಂದ ಹೋಳಿಗಿ ಬಿಟ್ಟದ್ದು, ನೀ ಮುಖಾ ಎತ್ತಿ ನನ್ನ ಕಡೆ ನೋಡಿದ್ದು. ನಾ ಆ ಕಡೆ ತಿರುಗಿ ಯಾರಿಗೋ ಬರ್ರಿ ಬರ್ರಿ ಅಂದೆ. ಹದಿಮೂರು ವರ್ಷದಿಂದ ಕಾಣಲಿಲ್ಲ ಅಂತ ಬರಕೋತ ಬಂದೀನಿ.

ನಿನಗ ಕದಾ ಅಡ್ಡ ಇತ್ತು ಸಾತಪ್ಪಾ. ನನಗ ಏನೂ ಅಡ್ಡ ಇರಲಿಲ್ಲ.

ಪರಪ್ಪ

---

ಕುಲಗೋಡ
30 ಜೂನ್ 1962
(ಕಾರ್ಡು)

ಪರಪ್ಪಾ,

ಎಂಟನೆಯ ತಾರೀಖು ಐತವಾರ. ಗೋಕಾಕದಿಂದ ಬೆಳಿಗ್ಗೆ ಏಳೂವರೆಗೆ ಬಸ್ಸಿದೆ, ಕಂಡಕ್ಟರ್ ನಿನಗೆ ಗೊತ್ತಿದ್ದವನೇ. ಊಟ ಇಲ್ಲೇ. ಸಜ್ಜೆ ರೊಟ್ಟಿ, ಹಿಂಡಿ ಪಲ್ಯ. ಬಾಯಿ ತೊಳೆಸಿ ಕಳಿಸುವವರು ಈಗ ಇಲ್ಲ.

ನೋಟಬುಕ್ಕು ತಾ. 499, 691, 887 ಇನ್ನೂ ಉಳಿದಿವೆ. ಸಂಖ್ಯೆ ಒಡೆದು ಬಂದ 3413 ಮತ್ತೆ ಒಡೆಯದ್ದು, ಈ ಮೂರರಿಂದ ಭಾಗ ಹೋಗುವುದಿಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಆದರೂ ಭಾಗಿಸದೆ ಇಟ್ಟಿದ್ದೇನೆ. ನನ್ನ ಹಾಳೆಯನ್ನು ಪಡಸಾಲೆಯ ನೆಲದ ಮೇಲೆ ಬಿಚ್ಚಿಟ್ಟು ನಾಲ್ಕು ಮೂಲೆಗೂ ಕಲ್ಲು ಹೇರಿದ್ದೇನೆ. ಅದರ ಬಾಜೂ ಜಾಗ ಬಿಟ್ಟಿದ್ದೇನೆ.

ಸಾತ್ಯಾ